ರಂಗೋಲಿ ದಾಟುತ್ತಿದ್ದ ಮಿನೊರು

ಕಳೆದ ತಿಂಗಳು ಮಗಳು ಬ್ಯಾಡ್ಮಿಂಟನ್ ಆಡಲು ಹೋಗಿ ಕಾಲು ಉಳುಕಿಸಿಕೊಂಡು ಬಂದಳು. ಅವಳ ಜೊತೆ ಓದುವ ಜಪಾನಿ ಹುಡುಗಿಯೊಬ್ಬಳು ತಮ್ಮೂರಿನ ನೋವಿನ ಪಟ್ಟಿಗಳನ್ನು ಕೊಟ್ಟಿದ್ದಳಂತೆ. ಬೆಳ್ಳನೆಯ, ಅಂಗೈ ಅಗಲದ ಪಟ್ಟಿಗಳು. ಒಂದನ್ನು ಬಿಚ್ಚಿ ಕಾಲಿಗೆ ಅಂಟಿಸಿಕೊಳ್ಳುವಾಗ ನಾನು ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಉಳ್ಳಾಗಡ್ಡಿಯ ಘಾಟನ್ನೂ ದಾಟಿಕೊಂಡು ಕರ್ಪೂರ, ಪುದೀನಾ ಬೆರೆತ ಆ ವಾಸನೆ ಬಂತು ನೋಡಿ, ಕೈಯಲ್ಲಿದ್ದ ಚಾಕು ನಿಂತೇಬಿಟ್ಟಿತು. "ಮಿನೊರು ಬಂದ" ಅಂದೆ. ಯಾರಿಗೆ ಹೇಳಿದೆನೋ ನನಗೇ ಗೊತ್ತಿಲ್ಲ.

"ಯಾರು ಮಿನೊರು?" ಮಗಳು ಎಂದಿನಂತೆ ಜರ್ಮನ್‌ನಲ್ಲಿ ಕೇಳಿದಳು.

"ನೀ ಹುಟ್ಟೂಕಿಂತ ಮೊದಲ ನಮ್ಮ ಬಾಜೂ ಮನ್ಯಾಗ ಇದ್ದ. ಫುಟ್‌ಬಾಲ್ ಆಡತಿದ್ದ," ಅಂದೆ, ನಾನೂ ಎಂದಿನಂತೆ ಕನ್ನಡದಲ್ಲಿ.

ಅವಳು ಕೂಡಲೇ ಫೋನಿನಲ್ಲಿ ಹುಡುಕಿ, "ಅಷ್ಟೇನೂ ದೊಡ್ಡ ಆಟಗಾರ ಅಲ್ಲ ಬಿಡು ಮಮ್ಮಿ" ಎಂದು ತೀರ್ಪು ಕೊಟ್ಟಳು. ಹುಡುಕಿದರೆ ಸಿಗುವುದು ಇಷ್ಟೇ. ಎಡಪಕ್ಕದ ವಿಂಗರ್, ಇಂಥಿಂಥ ಕ್ಲಬ್ಬು, ಇಷ್ಟು ಪಂದ್ಯ. ಜರ್ಮನಿಯ ಮೊದಲ ವರ್ಷಕ್ಕೆ ಅಲ್ಲಿ ಒಂದೇ ಸಾಲಿದೆ. ಆ ಸಾಲಿನಲ್ಲಿ ನಾನೂ ಇದ್ದೇನೆ ಅಂದರೆ ಸ್ವಂತ ಮಗಳೇ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಜರ್ಮನಿಯಲ್ಲಿ ಮಾರ್ಕ್ ಹೋಗಿ ಯೂರೋ ಬಂದ ವರ್ಷ. ನಮ್ಮ ಮನೆಯವರು, ಶಶಿಧರ, ಇಲ್ಲಿಯವರದೇ ಒಂದು ಗ್ರೀನ್ ಕಾರ್ಡ್ ಮೇಲೆ ಬೊಬ್ಲಿಂಗೆನ್‌ಗೆ ಬಂದಿದ್ದರು, ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯಲು. ಆರು ತಿಂಗಳ ಮೇಲೆ ನಾನು ಬಂದೆ. ಗ್ರೀನ್ ಕಾರ್ಡ್ ಅಂದ ಕೂಡಲೇ ಬಾಗಲಕೋಟೆಯಲ್ಲಿ ನಮ್ಮತ್ತೆಯವರು ಅಮೆರಿಕಾ ಅಂದುಕೊಂಡು ಓಣಿಗೆಲ್ಲ ಪೇಡೆ ಹಂಚಿಬಿಟ್ಟಿದ್ದರು. ಕಾರ್ಡಿನವನಿಗೆ ಕೆಲಸ ಸರಿ, ಅವನ ಹೆಂಡತಿಗೆ ಮಾತ್ರ ಮೊದಲು ಸ್ವಲ್ಪ ಕಾಲ ಕೆಲಸ ಮಾಡಲು ಅಪ್ಪಣೆ ಇರಲಿಲ್ಲ. ಹಾಗೆಂದು ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿ ಕೊಟ್ಟಿದ್ದರು. ಬಾಗಲಕೋಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದವಳು. ಅದಕ್ಕೂ ಮೊದಲು ಯೂನಿವರ್ಸಿಟಿಗೆ ಖೋಖೋ ಆಡಿದವಳು. ಬೆನ್ನಟ್ಟುವುದರಲ್ಲಿ ನನ್ನ ಕೈಯಿಂದ ತಪ್ಪಿಸಿಕೊಂಡವರು ಕಡಿಮೆ ಎಂದು ಈಗಲೂ ಹೇಳಿಕೊಳ್ಳುತ್ತೇನೆ, ಕೇಳುವವರಿಲ್ಲ. ಅಂಥವಳು ಆ ವರ್ಷ ಎರಡು ಕೋಣೆಯ ಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದೆ.

ನಾವಿದ್ದದ್ದು ಮೂರನೇ ಮಹಡಿ. ಮೆಟ್ಟಿಲು ಹತ್ತಿ ಬಂದರೆ ಬಲಕ್ಕೆ ನಮ್ಮ ಬಾಗಿಲು, ಎಡಕ್ಕೆ ಕಟಕಟೆ, ನಾಲ್ಕು ಹೆಜ್ಜೆ ಮುಂದೆ ಇನ್ನೊಂದು ಮನೆಯ ಬಾಗಿಲು. ನಾನು ಬಂದ ಎರಡನೇ ವಾರ ನಮ್ಮ ಬಾಗಿಲ ಹಿಡಿಗೆ ಯಾರೋ ಒಂದು ಪುಟ್ಟ ಕಟ್ಟಿಗೆಯ ಹಲಗೆ ನೇತುಹಾಕಿದ್ದರು. ಅದರ ಮೇಲೆ ಕಸಬರಿಗೆಯ ಚಿತ್ರ, ಕೆಳಗೆ ಚೆಂದದ ಅಕ್ಷರದಲ್ಲಿ ಒಂದು ಶಬ್ದ. ಕಸಬರಿಗೆ ಅಂದರೆ ಲಕ್ಷ್ಮಿ. ಹೊಸ ಸಂಸಾರಕ್ಕೆ ಒಳ್ಳೆಯದಾಗಲಿ ಎಂದು ಕಟ್ಟಿದ್ದಾರೆ ಅಂದುಕೊಂಡು ಅರಿಶಿನ ಕುಂಕುಮ ಹಚ್ಚಿದೆ. ಮೂರು ವಾರ ದಿನಾ ಊದಿನಕಡ್ಡಿ ಬೆಳಗಿದೆ.

ನಾಲ್ಕನೇ ವಾರ ಕೆಳಗಿನ ಮನೆಯ ಫ್ರಾವ್ ಬ್ರೆಂಡ್ಲೆ, ಅಂದರೆ ಶ್ರೀಮತಿ ಬ್ರೆಂಡ್ಲೆ, ಮೇಲೆ ಬಂದರು. ಎಪ್ಪತ್ತರ ಆಸುಪಾಸಿನ ಒಂಟಿ ಹೆಂಗಸು, ಕೈಯಲ್ಲಿ ಬಕೆಟ್ಟು. ಆ ಹಲಗೆಯನ್ನೂ ಕುಂಕುಮವನ್ನೂ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅರ್ಧ ಗಂಟೆ ಕೈಸನ್ನೆ ಮಾಡಿ ತಿಳಿಸಿದ್ದಿಷ್ಟು. ಅದರ ಹೆಸರು ಕೇರ್‌ವೋಖೆ. ಆ ಹಲಗೆ ಯಾರ ಬಾಗಿಲಿಗೆ ತೂಗುತ್ತದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದು. ಮುಗಿಸಿ ಮುಂದಿನ ಬಾಗಿಲಿಗೆ ದಾಟಿಸಬೇಕು. ನಾನು ಪೂಜೆ ಮಾಡುತ್ತ ಕೂತ ಮೂರು ವಾರ ಇಡೀ ಮೆಟ್ಟಿಲನ್ನು ಯಾರೂ ಗುಡಿಸಿರಲಿಲ್ಲ. ಸಂಜೆ ಇವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹಲಗೆಯ ಕುಂಕುಮ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಪಕ್ಕದ ಮನೆಗೆ ಮಿನೊರು ಬಂದ. ಇಪ್ಪತ್ತಮೂರು ವರ್ಷ. ಸಣ್ಣ ಮೈ, ದೊಡ್ಡ ಚೀಲ, ಮಾತಿಗಿಂತ ಮೊದಲು ಬಗ್ಗುವ ತಲೆ. ರೈಲಿನಲ್ಲಿ ಅರ್ಧ ಗಂಟೆ ದೂರದ ಊರಿನ ಫುಟ್‌ಬಾಲ್ ಕ್ಲಬ್ಬು ಅವನನ್ನು ಒಂದೇ ಒಂದು ವರ್ಷದ ಕರಾರಿನ ಮೇಲೆ ಜಪಾನಿನಿಂದ ಕರೆಸಿಕೊಂಡಿತ್ತು. ಆ ಬೇಸಿಗೆ ಅವನ ದೇಶದಲ್ಲೇ ವಿಶ್ವಕಪ್ ನಡೆದಿತ್ತು. ಅವನು ಅದರಲ್ಲಿ ಇರಲಿಲ್ಲ. ಇದೆಲ್ಲ ಆಮೇಲೆ ಗೊತ್ತಾದದ್ದು. ಮೊದಲ ತಿಂಗಳು ನನಗೆ ತಿಳಿದದ್ದು ಅವನ ನೋವಿನ ಪಟ್ಟಿಯ ವಾಸನೆ ಒಂದೇ. ಬೆಳಗ್ಗೆ ಏಳೂ ಮುಕ್ಕಾಲಿಗೆ ಓಡಿ ಬರುತ್ತಿದ್ದ, ಅವನಿಗಿಂತ ಮೊದಲು ವಾಸನೆ ಮೂರನೇ ಮಹಡಿ ಹತ್ತುತ್ತಿತ್ತು.

ಬಾಗಿಲ ಮುಂದೆ ರಂಗೋಲಿ ಹಾಕದಿದ್ದರೆ ನನಗೆ ಮುಖ ತೊಳೆದಂತೆ ಅನಿಸುವುದಿಲ್ಲ. ಊರಿಂದ ಎರಡು ಕಿಲೋ ರಂಗೋಲಿ ಪುಡಿ ತಂದಿದ್ದೆ. ದಿನಾ ಬೆಳಗ್ಗೆ ಒರೆಸಿ ಒಂದು ಸಣ್ಣ ಎಳೆರಂಗೋಲಿ ಹಾಕುತ್ತಿದ್ದೆ. ಒಂದು ದಿನ ಹೊರಗೆ ಫ್ರಾವ್ ಬ್ರೆಂಡ್ಲೆಯ ಏರಿದ ದನಿ ಕೇಳಿ ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟೆ. ಕುಂಕುಮದ ಹಲಗೆ ಮಿನೊರುವಿನ ಬಾಗಿಲಲ್ಲಿತ್ತು. ಅಂದರೆ ಆ ವಾರದ ಪಾಳಿ ಅವನದು. ನೆಲದ ಮೇಲಿನ ಬಿಳಿ ಪುಡಿ ತೋರಿಸಿ ಆಕೆ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅವನು ನಮ್ಮ ಬಾಗಿಲ ಕಡೆ ಬೆರಳೂ ತೋರಿಸಲಿಲ್ಲ. ತಲೆ ಬಗ್ಗಿಸಿ, "ಕ್ಷಮಿಸಿ" ಅಂದ. ಆಕೆ ಇಳಿದು ಹೋದಮೇಲೆ ಒದ್ದೆ ಬಟ್ಟೆ ತಂದು ಮೊಣಕಾಲೂರಿ ಒರೆಸತೊಡಗಿದ. ಎಲ್ಲಿ ಒರೆಸಿದ ಅಂತೀರಿ? ರಂಗೋಲಿಯ ಸುತ್ತ. ಎಳೆಯಿಂದ ಒಂದು ಬೆರಳು ದೂರ, ಅದಕ್ಕೆ ಒಂದು ಹನಿ ನೀರು ತಾಗದಂತೆ. ಆಮೇಲೆ ಎದ್ದು, ಎರಡೂ ಕಾಲು ಕೂಡಿಸಿ, ಅದರ ಬದಿಗೆ ಜಿಗಿದು ಒಳಗೆ ಹೋದ.

ನಾನು ಬಾಗಿಲ ಹಿಂದೆ ನಿಂತು ನಾಚಿಕೆಯಿಂದ ಸತ್ತೆ. ಆಮೇಲೆ ಕೇಳಿದರೆ, ಮೂರು ಪಾಳಿಗಳಿಂದ ಹೀಗೇ ನನಗೆ ಬೀಳಬೇಕಾದ ಬೈಗುಳವನ್ನು ಅವನು ತಿನ್ನುತ್ತಿದ್ದನಂತೆ. ಅಂದು ಮಧ್ಯಾಹ್ನ ಚಪಾತಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತೆಗೆದುಕೊಂಡು ಹೋಗಿ ಅವನ ಬಾಗಿಲು ಬಡಿದೆ. ನನ್ನದೂ ಅವನದೂ ಮುರುಕು ಜರ್ಮನ್, ನಡುವೆ ಇಂಗ್ಲಿಷಿನ ಊರುಗೋಲು.

"ಯಾಕೆ ಹೇಳಲಿಲ್ಲ, ಅದು ನನ್ನ ಪುಡಿ ಅಂತ?"

"ಮನೆ ಮುಂದಿನ ದೇವರು ಅಂದುಕೊಂಡೆ, ಸುನಂದಾ-ಸಾನ್," ಅಂದ, ನನ್ನ ಹೆಸರಿಗೆ ಅವರೂರಿನ ಮರ್ಯಾದೆಯ ಬಾಲ ಜೋಡಿಸಿ. "ದೇವರ ಬಗ್ಗೆ ಹೇಗೆ ದೂರು ಕೊಡಲಿ?"

ಶೇಂಗಾ ಚಟ್ನಿ ಬಾಯಿಗಿಟ್ಟವನ ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಊರ ನೆನಪಿಗೋ ಕೇಳಲಿಲ್ಲ. ಅಂದಿನಿಂದ ಅವನು ನಮ್ಮ ಮನೆಯ ಹುಡುಗನಾದ.

ನವೆಂಬರಿನಲ್ಲಿ ನಮಗೆ ಎರಡು ಟಿಕೆಟ್ಟು ಕೊಟ್ಟ. ಥರ್ಮಾಸಿನಲ್ಲಿ ಶುಂಠಿ ಚಹಾ ತುಂಬಿಕೊಂಡು ಹೋದೆವು. ಫುಟ್‌ಬಾಲ್ ಬಗ್ಗೆ ನನಗೆ ತಿಳಿದದ್ದು ಅಷ್ಟಕ್ಕಷ್ಟೇ. ವಿಂಗರ್ ಅಂದರೆ ಮೈದಾನದ ಅಂಚಿನಲ್ಲಿ ಓಡುವವನು, ತನ್ನನ್ನು ತಡೆಯಲು ನಿಂತವನನ್ನು ದಾಟಿ ಚೆಂಡನ್ನು ಗೋಲಿನ ಮುಂದೆ ನಿಂತ ತನ್ನವರಿಗೆ ಮುಟ್ಟಿಸುವವನು ಎಂದು ಇವರು ದಾರಿಯಲ್ಲಿ ಪಾಠ ಹೇಳಿದ್ದರು. ಮಿನೊರುವನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿದರು. ಎದುರಿಗಿದ್ದವನು ಕೆಂಚುಗೂದಲಿನ ಆಳು, ಕಂಬದಂಥವನು, ವೇಗವೂ ಇಲ್ಲ. ಆದರೂ ಮಿನೊರು ಯಾವ ಕಡೆ ತಿರುಗಿದರೂ ಆ ಕಡೆ ಅವನು ಮೊದಲೇ ಇರುತ್ತಿದ್ದ. ಒಂದು ಸಲ, ಎರಡು ಸಲ, ಆರು ಸಲ. ನಮ್ಮ ಹಿಂದೆ ಕೂತವರು ಜೋರಾಗಿ ನಗತೊಡಗಿದರು.

ನನಗೆ ನಗು ಬರಲಿಲ್ಲ. ಯಾಕೆಂದರೆ ನನಗೂ ಗೊತ್ತಾಗುತ್ತಿತ್ತು. ಅಷ್ಟು ದೂರದಲ್ಲಿ ಕೂತು, ಅವನು ತಿರುಗುವ ಮೊದಲೇ, ಎಡವೋ ಬಲವೋ ಎಂದು ನನಗೆ ಗೊತ್ತಾಗುತ್ತಿತ್ತು. ನೆಲ ಒರೆಸಿದ ಆ ದಿನದಿಂದ ದಿನಾ ಬೆಳಗ್ಗೆ ಬಾಗಿಲ ಕಿಂಡಿಯಲ್ಲಿ ಅವನು ರಂಗೋಲಿ ದಾಟುವುದನ್ನು ನೋಡಿದ್ದೇನಲ್ಲ! ಬಲಕ್ಕೆ ಜಿಗಿಯುವುದಿದ್ದರೆ ಬಲ ಹೆಗಲು ಒಂದಿಷ್ಟೇ ಇಳಿಯುತ್ತಿತ್ತು. ಎಡಕ್ಕಾದರೆ ಎಡ ಹೆಗಲು. ನಮ್ಮ ಖೋಖೋ ಸರ್ ಹೇಳುತ್ತಿದ್ದರು, "ಕಾಲ ನೋಡಬ್ಯಾಡ್ರಿ, ಹೆಗಲ ನೋಡ್ರಿ. ಕಾಲು ಸುಳ್ಳ ಹೇಳ್ತದ, ಹೆಗಲಿಗೆ ಸುಳ್ಳ ಹೇಳಾಕ ಬರೂದಿಲ್ಲ." ಅದೇ ಮಾತಿನ ಮೇಲೆ ನಾನು ಎಷ್ಟು ಹುಡುಗಿಯರನ್ನು ಹಿಡಿದಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಇವರಿಗೆ ಹೇಳಿದೆ.

"ಅಲ್ಲ, ಅವಂಗ ದೊಡ್ಡ ದೊಡ್ಡ ಕೋಚ್ ಅದಾರ," ಅಂದರು. "ಅವರಿಗೆ ಕಾಣಲಾರದ್ದು ನಿನಗ ಬಾಗಲಾ ತೂತಿನ್ಯಾಗ ಕಾಣ್ತೇನು?"

"ಕಾಣ್ತರಿ. ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಅವನ ಮನಸಿಗೆ ಬ್ಯಾಸರ ಆದೀತು."

ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಕೊರಳಲ್ಲಿ ಸೀಟಿ ಕಟ್ಟಿಕೊಂಡು ಇನ್ನೂರು ಹುಡುಗಿಯರನ್ನು ಓಡಿಸಿದವಳಿಗೆ, ಪಾಸ್‌ಪೋರ್ಟಿನ ಆ ಒಂದು ಮುದ್ರೆ ಬಿದ್ದದ್ದೇ ತಡ, ಕಣ್ಣಿಗೆ ಕಂಡದ್ದನ್ನು ಹೇಳಲೂ ಅಪ್ಪಣೆ ಬೇಕು ಅನಿಸಿಬಿಟ್ಟಿತ್ತು.

ಡಿಸೆಂಬರಿನಲ್ಲಿ ಹಿಮ ಬಿತ್ತು. ಚಳಿಗಾಲದ ಬಿಡುವೆಂದು ಪಂದ್ಯಗಳು ನಿಂತವು. ಒಂದು ಮಧ್ಯಾಹ್ನ ಮಿನೊರು ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದ. ಕ್ಲಬ್ಬಿನವರು ಕರೆದು ಮಾತಾಡಿದ್ದರು. ಈಸ್ಟರ್‌ವರೆಗೆ ನೋಡುತ್ತಾರೆ. ಅಷ್ಟರಲ್ಲಿ ಹನ್ನೊಂದರೊಳಗೆ ಜಾಗ ಗಿಟ್ಟಿಸಿಕೊಂಡರೆ ಸರಿ, ಇಲ್ಲದಿದ್ದರೆ ಜೂನ್‌ನಲ್ಲಿ ಕರಾರು ಮುಗಿದಂತೆ.

"ನಿಮ್ಮೂರಲ್ಲಿ ಆಡಬಹುದಲ್ಲ?"

"ಅಲ್ಲಿ ನನ್ನ ಜಾಗಕ್ಕೆ ಬೇರೆಯವನು ಬಂದಿದ್ದಾನೆ. ಇಲ್ಲಿ ಆಗದೆ ಮರಳಿದವನನ್ನು ಅಲ್ಲಿ ಯಾರೂ ಕರೆಯುವುದಿಲ್ಲ. ಅಣ್ಣನ ಟೈರ್ ಅಂಗಡಿ ಇದೆ, ಅಲ್ಲಿಗೆ ಹೋಗುತ್ತೇನೆ."

"ಕೋಚ್ ಏನು ಹೇಳುತ್ತಾರೆ?"

"ತುಂಬಾ ಮೆದು ಅನ್ನುತ್ತಾರೆ. ಮಾಂಸ ತಿನ್ನು, ಭಾರ ಎತ್ತು ಅನ್ನುತ್ತಾರೆ."

ನನ್ನ ಬಾಯಿ ತಡೆಯಲಿಲ್ಲ. "ಮಾಂಸದ ಮಾತಲ್ಲ ಮಿನೊರು, ನಿನ್ನ ಹೆಗಲು ಎಲ್ಲರಿಗೂ ಗುಟ್ಟು ಹೇಳುತ್ತದೆ," ಅಂದುಬಿಟ್ಟೆ. ಭಾಷೆ ಸಾಲದೆ ಎದ್ದು ನಿಂತು, ಸೀರೆಯ ನೆರಿಗೆ ಎತ್ತಿ ಕಟ್ಟಿ, ಅಡುಗೆಮನೆಯಲ್ಲೇ ಮಾಡಿ ತೋರಿಸಿದೆ. ಕಿಂಡಿಯಲ್ಲಿ ನೋಡುತ್ತಿದ್ದದ್ದನ್ನೂ ಹೇಳಿದೆ. ಅವನು ಕಪ್ಪು ಕೆಳಗಿಟ್ಟ. ಮುಖ ಕೆಂಪಗಾಗಿತ್ತು. ಎದ್ದು, ತಲೆ ಬಗ್ಗಿಸಿ, ಹೊರಟುಹೋದ.

ನಾಲ್ಕು ದಿನ ಅವನು ಕಾಣಲಿಲ್ಲ. ಮೆಟ್ಟಿಲ ಮೇಲೆ ವಾಸನೆಯೂ ಇಲ್ಲ. ಇವರ ಮುಖ ನೋಡಿದರೆ "ನಾ ಹೇಳಿದ್ದೆ" ಎಂದು ಬರೆದಂತಿತ್ತು.

ಐದನೇ ದಿನ ಏಳೂ ಮುಕ್ಕಾಲಿಗೆ ಕರೆಗಂಟೆ ಕೇಳಿಸಿತು. ಮಿನೊರು ಮೆಟ್ಟಿಲ ತುದಿಯಲ್ಲಿ, ಬೂಟು ಕೈಯಲ್ಲಿ ಹಿಡಿದು, ಕಾಲುಚೀಲದಲ್ಲಿ ನಿಂತಿದ್ದ. ಕ್ಲಬ್ಬಿನಿಂದ ತನ್ನ ಪಂದ್ಯಗಳ ಕ್ಯಾಸೆಟ್ಟುಗಳನ್ನು ತಂದು ನಾಲ್ಕು ದಿನ ಹಿಂದೆ ಮುಂದೆ ತಿರುಗಿಸಿ ನೋಡಿದ್ದನಂತೆ. "ಜಪಾನಿನಲ್ಲಿ ವೇಗ ಸಾಕಿತ್ತು. ಇಲ್ಲಿ ಎಲ್ಲರೂ ನನ್ನ ಹೆಗಲು ಓದಿಬಿಟ್ಟಿದ್ದಾರೆ," ಅಂದ. ಆಮೇಲೆ ರಂಗೋಲಿ ತೋರಿಸಿ, "ಸುನಂದಾ-ಸಾನ್, ಕಿಂಡಿಯಿಂದ ಬೇಡ. ಇಲ್ಲೇ ನಿಂತು ಹೇಳಿ. ನಾನು ಜಿಗಿಯುವ ಮೊದಲೇ ಹೇಳಬೇಕು."

ಹೀಗೆ ಶುರುವಾಯಿತು. ಅವನು ಮೆಟ್ಟಿಲ ತುದಿಯಲ್ಲಿ, ನಾನು ಬಾಗಿಲಲ್ಲಿ, ನಡುವೆ ರಂಗೋಲಿ. ಎಡಕ್ಕೆ ಹೋದರೆ ಕಟಕಟೆಯ ಬದಿ, ಬಲಕ್ಕೆ ಹೋದರೆ ನನ್ನ ಬದಿ. ಆತುರದಲ್ಲಿ ನನಗೆ ಜರ್ಮನ್ ಹೊರಡದು. "ಎಡ!" "ಬಲ!" ಎಂದು ಕೂಗುತ್ತಿದ್ದೆ. ಅವನು ಕಲಿತ ಮೊದಲ ಕನ್ನಡ ಶಬ್ದಗಳು ಅವೇ ಎರಡು. ದಿನಕ್ಕೆ ಇಪ್ಪತ್ತು ಜಿಗಿತ. ಮೊದಲ ವಾರ ಇಪ್ಪತ್ತಕ್ಕೆ ಇಪ್ಪತ್ತೂ ನನ್ನ ಮಾತೇ ಸರಿ. ಅವನು ಹಲ್ಲು ಕಚ್ಚಿ ಹೆಗಲನ್ನು ಬಿಗಿಹಿಡಿದು ನೋಡಿದ. ಆಗ ಕುತ್ತಿಗೆ ಗುಟ್ಟು ಹೇಳತೊಡಗಿತು.

"ಬಿಗಿಹಿಡಿದರೆ ಆಗುವುದಿಲ್ಲ," ಅಂದೆ. ಬಾಗಲಕೋಟೆಯ ಮೈದಾನದ ದನಿ ಅದಾಗಿಯೇ ಬಂದುಬಿಟ್ಟಿತ್ತು. "ಹೆಗಲು ಇಳಿಯಲಿ. ಆದರೆ ಸುಳ್ಳಿಗೆ ಇಳಿಯಲಿ. ಎದೆ ನೆಟ್ಟಗೆ ಇರಲಿ, ಉಸಿರು ಬಿಡುವಾಗ ಹೆಗಲು ಒಂದು ಕಡೆ, ನೀನು ಇನ್ನೊಂದು ಕಡೆ. ಓಡುವವಳು ಕಂಬದ ಹತ್ತಿರ ಮಾಡುವುದು ಅದೇ."

ಕಲಿಸುವುದು ಸುಲಭ, ಮೈಗೆ ಒಗ್ಗಿಸುವುದು ಕಷ್ಟ. ಎಷ್ಟೋ ಬೆಳಗು ಅವನು ರಂಗೋಲಿಯ ಮೇಲೇ ಬಿದ್ದ. ಬಿದ್ದಾಗಲೆಲ್ಲ ಮೊದಲು ರಂಗೋಲಿಯ ಕ್ಷಮೆ ಕೇಳುತ್ತಿದ್ದ, ಆಮೇಲೆ ಮೊಣಕಾಲು ನೋಡಿಕೊಳ್ಳುತ್ತಿದ್ದ. ಇವರು ಆಫೀಸಿಗೆ ಹೊರಟವರು ಬ್ಯಾಗು ಹಿಡಿದು ಕಾಯಬೇಕಾಗುತ್ತಿತ್ತು. "ನನಗ ಟ್ರೇನ್ ತಪ್ಪಿಸಬ್ಯಾಡ್ರೋ," ಎಂದು ಗೋಗರೆಯುತ್ತ, ತಾವೂ ಒಂದೆರಡು ಸಲ ಊಹಿಸಿ ಹೋಗುತ್ತಿದ್ದರು. ಅವರದು ಒಂದೂ ಸರಿಯಾಗುತ್ತಿರಲಿಲ್ಲ.

ದಬದಬ ಸದ್ದಿಗೆ ಫ್ರಾವ್ ಬ್ರೆಂಡ್ಲೆ ಬಾರದೆ ಇರುತ್ತಾರೆಯೇ? ಫೆಬ್ರವರಿಯ ಒಂದು ಬೆಳಗ್ಗೆ ಕಸಬರಿಗೆ ಹಿಡಿದೇ ಬಂದರು. ನಾನು ಮೊದಲು ಪುಡಿ ನನ್ನದೆಂದು ಒಪ್ಪಿಕೊಂಡೆ. ಆಮೇಲೆ ಜೂನ್‌ನ ಮಾತು, ಈಸ್ಟರ್‌ನ ಮಾತು ಎಲ್ಲ ಹೇಳಿದೆ. ಆಕೆ ಕೇಳಿಸಿಕೊಂಡು, ನಾಲ್ಕು ಮೆಟ್ಟಿಲು ಕೆಳಗಿಳಿದು, ಕಸಬರಿಗೆಯನ್ನು ಗೋಡೆಗೆ ಒರಗಿಸಿ, "ಹಾಂ, ಜಿಗಿ ನೋಡೋಣ," ಅಂದರು. ಅಂದಿನಿಂದ ಪ್ರತಿ ಗುರುವಾರ ಹಾಜರು. ಆಕೆಯೂ "ಎಡಾ", "ಬಲಾ" ಎಂದೇ ಕೂಗಬೇಕು, ಅದೇ ಆಟದ ಭಾಷೆ ಅಂದುಕೊಂಡಿದ್ದರು. ನಾನು ನಕ್ಕರೆ ಸಿಟ್ಟು ಬರುತ್ತಿತ್ತು. ಆಟ ಮುಗಿದ ಮೇಲೆ ಮೂವರೂ ಸೇರಿ ಮೆಟ್ಟಿಲು ಗುಡಿಸುತ್ತಿದ್ದೆವು, ಪಾಳಿ ಯಾರದೇ ಇರಲಿ.

ಮಾರ್ಚ್ ಮೊದಲ ವಾರ ಇರಬೇಕು. ಕಿಟಕಿಯ ಹೊರಗೆ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಮಿನೊರುವಿನ ಬಲ ಹೆಗಲು ಇಳಿಯಿತು. "ಬಲ!" ಅಂದೆ. ಅವನು ಕಟಕಟೆಯ ಬದಿಯಲ್ಲಿ ನಿಂತಿದ್ದ.

"ಮತ್ತೊಮ್ಮೆ," ಅಂದೆ. ಮತ್ತೊಮ್ಮೆಯೂ ತಪ್ಪಿದೆ. ಅಂದು ಇಪ್ಪತ್ತರಲ್ಲಿ ಒಂಬತ್ತು ತಪ್ಪಿದೆ. ಅಷ್ಟು ವರ್ಷ ಆಡಿದ್ದೇನೆ, ಸೋತು ಕುಣಿದಾಡಿದ್ದು ಅದೊಂದೇ ದಿನ. ಅವನು ಒಳಗೆ ಓಡಿಹೋಗಿ ಜಪಾನಿಗೆ ಫೋನು ಮಾಡಿದ. ಗೋಡೆಯಾಚೆಯಿಂದ ಅವನ ಜೋರು ದನಿ ನಾನು ಕೇಳಿದ್ದು ಅದೇ ಮೊದಲು.

ಇಷ್ಟಾದರೂ ಆಡಿಸಬೇಕಲ್ಲ? ಕೋಚ್ ಕೊನೆಯ ಹತ್ತು ನಿಮಿಷ, ಕಾಲು ಗಂಟೆ ಇಳಿಸುತ್ತಿದ್ದರು, ಅಷ್ಟೇ. ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಈಸ್ಟರ್ ಹತ್ತಿರ ಬಂತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಅದು ಕೆಲವೊಮ್ಮೆ ಒಳ್ಳೆಯದಕ್ಕೂ ಆಗುತ್ತದೆ. ಈಸ್ಟರ್‌ಗೆ ಒಂದು ವಾರವಿರುವಾಗ ಎಡಪಕ್ಕದ ಖಾಯಂ ಆಟಗಾರ ಜ್ವರ ಹಿಡಿದು ಮಲಗಿದ. ಆ ಶನಿವಾರ ಪಂದ್ಯ ಎದುರಾಳಿಯ ಊರಿನಲ್ಲಿ. ಯಾರ ವಿರುದ್ಧ ಅಂದರೆ, ನವೆಂಬರಿನ ಅದೇ ತಂಡ, ಅದೇ ಕೆಂಚುಗೂದಲಿನವನು.

ರೈಲಿನಲ್ಲಿ ನಾವು ಮೂವರು ಹೋದೆವು. ಇವರು, ನಾನು, ಮತ್ತು ಕೂರಲು ಮೆತ್ತೆ ಹಿಡಿದುಕೊಂಡ ಫ್ರಾವ್ ಬ್ರೆಂಡ್ಲೆ. ಹೋಗುವ ಮೊದಲು ನಾನು ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕಿದ್ದೆ, ಹಬ್ಬಕ್ಕೆ ಹಾಕುವಂಥದು. ದೇವರಿಗೆ ತುಪ್ಪದ ದೀಪವನ್ನೂ ಹಚ್ಚಿದ್ದೆ. ನಂಬಿಕೆಯೋ ಹೆದರಿಕೆಯೋ, ಎರಡೂ ಇತ್ತು.

ಮೊದಲ ಅರ್ಧ ಗಂಟೆ ಅವನು ಹಳೆಯ ಮಿನೊರುವೇ. ಗಾಬರಿಗೆ ಹಳೆಯ ಹೆಗಲು ಮರಳಿ ಬಂದಿತ್ತು. ಕೆಂಚುಗೂದಲಿನವನು ಮೂರು ಸಲ ಸಲೀಸಾಗಿ ಚೆಂಡು ಕಸಿದ. ನಾನು ಇವರ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಮರುದಿನ ನೀಲಿಗಟ್ಟಿತ್ತು. ಮುಗಿಯಿತು, ಟೈರ್ ಅಂಗಡಿಯೇ ಗತಿ ಅಂದುಕೊಂಡೆ. ಅಷ್ಟರಲ್ಲಿ ಫ್ರಾವ್ ಬ್ರೆಂಡ್ಲೆ ಮೆತ್ತೆಯ ಮೇಲಿಂದ ಎದ್ದು ನಿಂತು, ಗಂಟಲು ಹರಿಯುವಂತೆ, "ಎಡಾ! ಬಲಾ!" ಎಂದು ಕಿರುಚಿದರು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ನಾವಿದ್ದದ್ದು ಎಡ ಅಂಚಿನ ಕಟ್ಟೆಯ ಮೇಲೆ, ಅವನಿಂದ ಹತ್ತು ಮಾರು ದೂರದಲ್ಲಿ. ಅವನಿಗೆ ಕೇಳಿಸಿತು. ತಲೆ ಎತ್ತಿ ನಮ್ಮನ್ನು ನೋಡಿದ, ನೋಡಿ ನಕ್ಕ.

ಮುಂದಿನ ಚೆಂಡು ಬಂದಾಗ ಅವನು ಓಡಲಿಲ್ಲ. ನಿಂತ. ಕೆಂಚುಗೂದಲಿನವನೂ ನಿಂತ. ಮಿನೊರುವಿನ ಬಲ ಹೆಗಲು ಇಳಿಯಿತು. ನಾನು ಮನಸ್ಸಿನಲ್ಲಿ "ಬಲ" ಅಂದೆ, ಕೆಂಚುಗೂದಲಿನವನೂ ಅಂದಿರಬೇಕು, ಇಡೀ ಮೈಯನ್ನು ಆ ಕಡೆ ಒಗೆದ. ಮಿನೊರು ಎಡಕ್ಕೆ, ಬಿಳಿ ಗೆರೆಯ ಗುಂಟ, ಆಚೆ ಹೋಗಿಬಿಟ್ಟಿದ್ದ.

"ಖೋ!" ಅಂತ ಕೂಗಿದೆ. ಆ ಮೈದಾನದಲ್ಲಿ ಅದಕ್ಕೆ ಏನರ್ಥ? ಆದರೂ ಕೂಗಿದೆ. ಅವನು ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸಿದ, ಅಲ್ಲಿದ್ದ ಎತ್ತರದವನು ತಲೆ ಕೊಟ್ಟ, ಗೋಲು. ಅರ್ಧ ಗಂಟೆಯ ಮೇಲೆ ಇನ್ನೊಂದು, ಅದೂ ಅವನು ದಾಟಿಸಿದ ಚೆಂಡೇ. ಇವರು ಶುಂಠಿ ಚಹಾವನ್ನು ಅಕ್ಕಪಕ್ಕದ ಗುರುತಿಲ್ಲದವರಿಗೆಲ್ಲ ಹಂಚಿದರು. ಫ್ರಾವ್ ಬ್ರೆಂಡ್ಲೆ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಬಾಗಲಕೋಟೆ ಬಿಟ್ಟ ಮೇಲೆ ಆ ದಿನವೇ ನಾನು ಮತ್ತೆ ನಾನಾದೆ ಅನಿಸಿತು.

ಅಲ್ಲಿಂದ ಕೊನೆಯ ಪಂದ್ಯದವರೆಗೆ ಅವನನ್ನು ಹನ್ನೊಂದರಿಂದ ಯಾರೂ ತೆಗೆಯಲಿಲ್ಲ. ಈಸ್ಟರ್‌ಗೆ ಕ್ಲಬ್ಬಿನವರು ಇನ್ನೊಂದು ವರ್ಷ ಇರು ಅಂದರು. ಮೇ ತಿಂಗಳಲ್ಲಿ ಉತ್ತರದ ಸಮುದ್ರದ ಕಡೆಯ, ಇದಕ್ಕಿಂತ ದೊಡ್ಡ ಕ್ಲಬ್ಬೊಂದು ಮೂರು ವರ್ಷಕ್ಕೆ ಕರೆಯಿತು. ಮಿನೊರು ಬಂದು ನಮ್ಮನ್ನು ಕೇಳಿದ, ಏನು ಮಾಡಲಿ ಎಂದು. ಇವರು ನನ್ನ ಮುಖ ನೋಡಿದರು. "ಹೋಗು," ಅಂದೆ. ಹೇಳಿ ಅಡುಗೆಮನೆಗೆ ಹೋಗಿ, ಉರಿಯದ ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ.

ಆಮೇಲಿನದನ್ನು ಮಗಳ ಫೋನು ಹೇಳುತ್ತದೆ. ಉತ್ತರದಲ್ಲಿ ಮೂರು ವರ್ಷ, ಆಸ್ಟ್ರಿಯಾದಲ್ಲಿ ಎರಡು, ಮತ್ತೆ ತನ್ನ ಊರು, ಮೂವತ್ತಾರರವರೆಗೆ ಆಟ. ಪ್ರತಿ ಹೊಸ ವರ್ಷಕ್ಕೆ ಅವನ ಕಾರ್ಡು ಬರುತ್ತದೆ. ಈಗ ಚಿಕ್ಕ ಮಕ್ಕಳಿಗೆ ಕಲಿಸುತ್ತಾನೆ. ನನಗೂ ಮರುವರ್ಷ ಕೆಲಸದ ಅಪ್ಪಣೆ ಬಂತು. ಅರ್ಜಿಯಲ್ಲಿ "ಅನುಭವ" ಎಂಬ ಕಡೆ ಏನು ಬರೆಯಲಿ ಎಂದು ಇವರನ್ನು ಕೇಳಿದರೆ, "ಬೊಬ್ಲಿಂಗೆನ್, ಮೂರನೇ ಮಹಡಿ ಅಂತ ಬರಿ," ಅಂದರು. ಒಂದು ಶಾಲೆಯಲ್ಲಿ ಮಕ್ಕಳನ್ನು ಆಡಿಸುವ ಕೆಲಸ ಸಿಕ್ಕಿತು. ಫ್ರಾವ್ ಬ್ರೆಂಡ್ಲೆ ತೀರಿಕೊಂಡು ಬಹಳ ವರ್ಷವಾಯಿತು.

ಮಗಳಿಗೆ ಫೋನಿನಲ್ಲಿ ಸಿಗದಿದ್ದದ್ದು ಜೂನ್ ಕೊನೆಯ ಆ ಬೆಳಗು. ಅಷ್ಟು ಸೆಕೆ ಬೊಬ್ಲಿಂಗೆನ್‌ನಲ್ಲಿ ನಾನು ಆವರೆಗೆ ಕಂಡಿರಲಿಲ್ಲ. ಕೆಳಗೆ ಟ್ಯಾಕ್ಸಿ ನಿಂತಿತ್ತು. ಇವರು ಆಗಲೇ ಚೀಲ ಇಳಿಸಿಕೊಂಡು ಹೋಗಿದ್ದರು. ಶೇಂಗಾ ಚಟ್ನಿಯ ಡಬ್ಬಿ ಕೊಟ್ಟು, ಬಾಗಿಲಲ್ಲಿ ನಿಂತಿದ್ದೆ. ಮಿನೊರು ತನ್ನ ಮನೆಯ ಬಾಗಿಲು ಹಾಕಿ, ಹಿಡಿಯಲ್ಲಿ ತೂಗುತ್ತಿದ್ದ ಕುಂಕುಮದ ಹಲಗೆಯನ್ನು ತೆಗೆದು ನನ್ನ ಕೈಗಿಟ್ಟ. ಹಿಂದಿನ ದಿನವೇ ಮೆಟ್ಟಿಲು ಒರೆಸಿ ಮುಗಿಸಿದ್ದ. ನಮ್ಮ ನಡುವೆ ಆ ದಿನದ ರಂಗೋಲಿ ಇತ್ತು.

"ಸುನಂದಾ-ಸಾನ್, ಕೊನೆಯ ಸಲ," ಅಂದ.

ಎಡ ಹೆಗಲು ಇಳಿಯಿತು. ಹಳೆಯ ಹೆಗಲು, ಸೆಪ್ಟೆಂಬರಿನದು, ಸುಳ್ಳು ಬಾರದ್ದು. "ಎಡ," ಅಂದೆ. ಅವನು ಎಡಕ್ಕೇ ಜಿಗಿದ. ಜಿಗಿದು, ನನ್ನನ್ನು ಗೆಲ್ಲಿಸಿದ ಸಂತೋಷದಲ್ಲಿ ತಲೆ ಬಗ್ಗಿಸಿದ.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಏ ಮಿನೊರೂ!" ಎಂದು ಅಪ್ಪಟ ಕನ್ನಡದಲ್ಲೇ ಬೈದೆ. "ಇದಕ್ಕೇನು ನಾ ಆರು ತಿಂಗಳ ಬಾಗಲದಾಗ ನಿಂತಿದ್ದು? ಅಲ್ಲೂ ಹಿಂಗ ಮಂದೀಗಿ ಬಿಟ್ಟುಕೊಡತೀಯೇನು? ನಡಿ, ಹಿಂದಕ್ಕ ಹೋಗು! ಮತ್ತ ಜಿಗಿ!"

ಒಂದು ಶಬ್ದವೂ ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಆದರೆ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಬೂಟು ಬಿಚ್ಚಿ, ತನ್ನ ಬಾಗಿಲವರೆಗೆ ಹಿಂದೆ ಹೋಗಿ ನಿಂತ. ಕೆಳಗಿನಿಂದ ಟ್ಯಾಕ್ಸಿಯವನು ಹಾರನ್ ಹೊಡೆಯುತ್ತಿದ್ದ. ಮಿನೊರು ಉಸಿರು ಬಿಟ್ಟ. ಹೆಗಲು ಇಳಿಯಿತು. ಕಣ್ಣಲ್ಲಿ ನೀರು ತುಂಬಿದ್ದರೂ ನಾನು ಚೆನ್ನಾಗಿಯೇ ನೋಡಿದೆ, ನನ್ನ ಸರ್ ಕಲಿಸಿದಂತೆಯೇ ನೋಡಿದೆ.

"ಎಡ," ಅಂದೆ.

ಅವನು ಬಲಕ್ಕೆ ಹೋದ.